ಹಿಂದಕ್ಕೆ ಬಂದ ಕೌದಿ

ಹೋದ ತಿಂಗಳು ಆದೋನಿ ಬಸ್‌ಸ್ಟ್ಯಾಂಡಿನ ಪಾರ್ಸಲ್ ಆಫೀಸಿನಿಂದ ನನ್ನ ಹೆಸರಿಗೆ ಒಂದು ಗಂಟು ಬಂತು. ಸೊಸೆ ಕತ್ತರಿ ತಗೊಂಡು ಹೊಲಿಗೆ ಬಿಚ್ಚಿದಳು. ಮನೆ ತುಂಬ ಡಾಂಬರ್ ಗುಳಿಗೆಯ ವಾಸನೆ. ಒಳಗಿದ್ದದ್ದು ನನ್ನದೇ ಕೌದಿ. ಅತ್ತೆಯ ಹಸಿರು ಸೀರೆ, ನನ್ನ ಮದುವೆಯ ಕೆಂಪು ಸೀರೆ, ಗಂಡನ ಎರಡು ಪಂಚೆ ಸೇರಿಸಿ ನಾನೇ ಹೊಲಿದದ್ದು. ಹನ್ನೆರಡು ವರ್ಷದ ಹಿಂದೆ ನಮ್ಮ ಚರ್ಚಿನ ಅಯ್ಯಗಾರು ಅದನ್ನು ಕೇಳಿ ತಗೊಂಡಿದ್ದರು. ಅಯ್ಯಗಾರು ಅಂದರೆ ಪಾಸ್ಟರು. ನಮ್ಮ ಕಡೆ ಹಾಗೇ ಕರೆಯುವುದು. ಡಾಂಬರ್ ಗುಳಿಗೆ ನನಗೆ ಆಗುವುದಿಲ್ಲ. ಮೊದಲು ಮೂರು ಸಲ ಸೀನಿದೆ. ಆಮೇಲೆ ಅವರು ನೆನಪಾದರು.

ಅವರಿಗಿಂತ ಮೊದಲು ಬಂದ ಅಯ್ಯಗಾರುಗಳೆಲ್ಲ ಕೊಡುವವರು. ಊರಿಗೆಲ್ಲ ಕ್ಯಾಲೆಂಡರ್ ಕೊಟ್ಟರು, ಕ್ರಿಸ್‌ಮಸ್ಸಿಗೆ ಸೀರೆ ಕೊಟ್ಟರು, ಬೆಳಿಗ್ಗೆ ಐದಕ್ಕೇ ಮೈಕಿನಲ್ಲಿ ಬುದ್ಧಿ ಕೊಟ್ಟರು. ಊರವರು ಕ್ಯಾಲೆಂಡರನ್ನು ಗೋಡೆಗೆ ಹಾಕಿಕೊಂಡರು, ಬುದ್ಧಿಯನ್ನು ಅಲ್ಲೇ ಬಿಟ್ಟರು. ಇವರೊಬ್ಬರೇ ಬೇರೆ. ಹಾಲಹರವಿ ಕಡೆಯ ನಮ್ಮ ಊರಿಗೆ ಒಂದು ಟ್ರಂಕು ಹಿಡಿದು ಬಂದಿಳಿದ ದಿನವೇ ನಮ್ಮ ಬಾಗಿಲಲ್ಲಿ ನಿಂತರು.

"ತಾಯಿ, ಒಂದು ಕೌದಿ ಇದ್ರ ಕೊಡ್ರಿ."

"ಅಯ್ಯಗಾರಾಗಿ ಕೇಳಾಕ ಬಂದೀರಲ್ಲ, ನಾಚಿಕಿ ಇಲ್ಲೇನ್ರಿ?" ಅಂದೆ.

"ನಾಚಿಕಿ ಐತವ್ವಾ. ಚಳಿ ಅದಕ್ಕಿಂತ ಹೆಚ್ಚೈತಿ."

ಕೊಟ್ಟೆ. ಇನ್ನೇನು ಮಾಡಲಿ?

ಮೊದಲ ಭಾನುವಾರವೇ ಮೈಕು ಇಳಿಸಿಬಿಟ್ಟರು. ಪಕ್ಕದ ಮನೆಯವರಿಗೆ ಹೇಳಬೇಕಾದ್ದನ್ನು ಹೋಗಿ ಹೇಳಬಾರದೇನು, ಗಂಟಲು ಯಾಕೆ ಹರಿದುಕೊಳ್ಳಬೇಕು ಅಂದರು. ಆಮೇಲೆ ಬಾವಿಯ ಕತೆ ತೆಗೆದರು. ಯೇಸುಸ್ವಾಮಿ ಬೇರೆ ಜಾತಿಯ ಹೆಂಗಸನ್ನು ಬಾವಿಯ ಹತ್ತಿರ ಕಂಡಾಗ ಮೊದಲು ಮಾಡಿದ್ದೇನು? ಬೋಧನೆಯೇ? ಅಲ್ಲ, ಕುಡಿಯಲು ನೀರು ಕೇಳಿದ. "ಕೊಡಾಕ ಹೋದ್ರ ನಾವು ದೊಡ್ಡವರಾಗ್ತೀವಿ. ಕೇಳಾಕ ಹೋಗ್ರಿ. ಆತನ ಶಿಷ್ಯರಾಗೂದು ಅಲ್ಲಿಂದ ಸುರು" ಅಂದರು. ಒಬ್ಬೊಬ್ಬರಿಗೂ ಒಂದೊಂದು ಮನೆ ಹಂಚಿದರು. ನಮ್ಮವರಲ್ಲದ ಮನೆ. ಹೋಗಿ ಏನಾದರೊಂದು ಕೇಳಿ ತರಬೇಕು. ದೇವರ ಮಾತು ಎತ್ತಕೂಡದು.

ನನ್ನ ಪಾಲಿಗೆ ಬಂದದ್ದು ಪಕ್ಕದ ಮನೆಯ ಆಡಿನಾಕೆ. ಆಕೆಯ ಆಡು ನಾನು ಮಂಚದ ಮೇಲೆ ಒಣಹಾಕಿದ ಶಾವಿಗೆಯನ್ನು ಒಂದೆಳೆ ಬಿಡದೆ ತಿಂದಾಗಿನಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಒಂಬತ್ತು ವರ್ಷ. ಆಡು ಸತ್ತಿತ್ತು, ಅದರ ಮರಿಗಳೂ ಸತ್ತಿದ್ದವು, ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿತ್ತು. ಒಲ್ಲೆ ಅಂದೆ. ಅಯ್ಯಗಾರು ಬೈಯಲಿಲ್ಲ. ದಿನಾ ನಮ್ಮ ಕಟ್ಟೆಯ ಮೇಲೆ ಬಂದು ಕೂತು, ಆಕೆಯ ಬಾಗಿಲು ನೋಡುವುದು, ನನ್ನ ಮುಖ ನೋಡುವುದು. ಎಂಟು ದಿನ ತಡೆದೆ. ಒಂಬತ್ತನೇ ದಿನ ಎದ್ದು ಹೋಗಿ ಆಕೆಯ ಹೊಸ್ತಿಲ ಮುಂದೆ ನಿಂತು, "ಹೆಂಚು ಕೊಡು" ಅಂದೆ.

ಆಕೆ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಿದಳು. "ನಿನ್ನ ಹೆಂಚಿಗೇನಾತು?"

"ಏನೂ ಆಗಿಲ್ಲ. ನಮ್ಮ ಅಯ್ಯಗಾರು ಕೇಳು ಅಂದಾರ, ಕೇಳಾಕ ಬಂದೀನಿ."

"ಒಂಬತ್ತು ವರ್ಷಕ್ಕ ಬಾಯಿ ಬಿಟ್ಟಿ, ಅದೂ ಹೆಂಚಿಗೆ! ನಿಮ್ಮ ದೇವರಿಗೆ ರೊಟ್ಟಿ ಬೇಕಾಗ್ಯಾವೇನು?"

ಅಂದಳು, ಆದರೆ ಕೊಟ್ಟಳು. ಒಲೆಯ ಮೇಲಿದ್ದದ್ದನ್ನಲ್ಲ, ಗೂಟಕ್ಕೆ ತೂಗುಹಾಕಿದ್ದ ಹೋಳಿಗೆಯ ಹೆಂಚನ್ನು.

ಹೀಗೆ ನಮ್ಮ ಸಭೆಯವರೆಲ್ಲ ಕೇಳಿ ತಂದರು. ಒಬ್ಬರು ಜರಡಿ, ಒಬ್ಬರು ಹಗ್ಗದ ಮಂಚ, ಒಬ್ಬರು ಶಾವಿಗೆ ಒತ್ತುವ ಮಣೆ. ಅಯ್ಯಗಾರು ಆಡಿನಾಕೆಯ ಹತ್ತಿರ ತಾವೂ ಒಂದು ತಾಮ್ರದ ಕೊಡ ಕೇಳಿ ತಂದಿಟ್ಟುಕೊಂಡರು. ತಿರುಗಿ ಕೊಡುವುದನ್ನು ಮಾತ್ರ ಯಾರೂ ಮಾಡಲಿಲ್ಲ. ಕೇಳಿರಿ ಅಂದಿದ್ದರು, ಕೊಟ್ಟುಬರ್ರಿ ಅಂದಿರಲಿಲ್ಲವಲ್ಲ. ಅಪ್ಪಣೆಗಿಂತ ಒಂದು ಹೆಜ್ಜೆ ಮುಂದೆ ಇಡುವ ಜನ ನಾವಲ್ಲ.

ಅಷ್ಟರಲ್ಲಿ ಆದೋನಿಯಿಂದ ಚರ್ಚಿನ ಹಿರಿಯರು ಬರುತ್ತಾರೆ ಅನ್ನುವ ಸುದ್ದಿ ಬಂತು. ವರ್ಷದಲ್ಲಿ ಎಷ್ಟು ಮಂದಿ ಹೊಸಬರು ಸೇರಿದರು ಅಂತ ನೋಡಿ ಬರೆದುಕೊಳ್ಳುವವರು ಅವರು. ನಮ್ಮಲ್ಲಿ ಸೇರಿದವರು ಯಾರೂ ಇಲ್ಲ. ಅಯ್ಯಗಾರನ್ನು ಆಗಲೇ ಮೂರು ಊರಿಂದ ಎತ್ತಿ ಬೇರೆ ಕಡೆ ಹಾಕಿದ್ದರಂತೆ. ಇಲ್ಲೂ ಸೊನ್ನೆ ಬಿದ್ದರೆ ಇಲ್ಲಿಂದಲೂ ಎತ್ತುತ್ತಾರೆ. "ನಾಲ್ಕು ಮಂದೀನ ಕರಕೊಂಡು ಬಂದು ಕುಂದರಸಲೇನ್ರಿ?" ಅಂತ ಕೇಳಿದೆ. "ಬ್ಯಾಡ ತಾಯಿ, ಸುಳ್ಳು ತಲಿ ಎಣಸಬಾರದು" ಅಂದರು. ಕೌದಿ ಹೊದ್ದುಕೊಂಡೇ ಕೂತಿದ್ದರು. ಆಗ ಚಳಿ ಇರಲಿಲ್ಲ...

ಹಿರಿಯರು ಕಾರಿನಲ್ಲಿ ಬಂದ ಭಾನುವಾರದ ಮರುದಿನ ಯುಗಾದಿ. ಹಬ್ಬದ ಹಿಂದಿನ ದಿನ ಊರಿನ ಹೆಂಗಸರಿಗೆ ತಮ್ಮ ತಮ್ಮ ಸಾಮಾನು ನೆನಪಾಯಿತು. ಹೆಂಚೆಲ್ಲಿ? ಜರಡಿಯೆಲ್ಲಿ? ತಗೊಂಡವರೆಲ್ಲಿ? ಚರ್ಚಿನಲ್ಲಿ. ಒಬ್ಬೊಬ್ಬರೇ ಬಂದರು. ಒಳಗೆ ಹಾಡು ನಡೆದಿತ್ತು. ದೇವರ ಮುಂದೆ ಜರಡಿ ಕೇಳುವುದು ಹೇಗೆ ಅಂತ ಸೆರಗು ಹೊದ್ದು ಕೂತರು. ಅರ್ಧ ಗಂಟೆಯಲ್ಲಿ ಕಾಲಿಡಲು ಜಾಗವಿಲ್ಲ. ದೊಡ್ಡ ಹಿರಿಯರ ಮುಖ ಪುಟ್ಟಿ ಅಗಲವಾಯಿತು. ಖುಷಿಗೆ ಒಂದು ತಾಸು ಹೆಚ್ಚಿಗೆ ಬೋಧನೆ ಮಾಡಿದರು. ಆಮೇಲೆ ಹೊಸದಾಗಿ ಬಂದವರನ್ನು ಎದ್ದು ನಿಲ್ಲಿಸಿದರು. ಪೆನ್ನು ತೆಗೆದರು. ಎಲ್ಲರಿಗಿಂತ ಮುಂದೆ ಆಡಿನಾಕೆ.

"ಅಮ್ಮಾ, ಎಂದುಕೊಚ್ಚಾವು?" ಅಂತ ತೆಲುಗಿನಲ್ಲಿ ಕೇಳಿದರು. ಯಾಕೆ ಬಂದೆ ಅಂತ.

"ನನ್ನ ಹೆಂಚಿಗೆ ಬಂದೀನ್ರಿ. ನಾಳೆ ಹೋಳಿಗೀ ಯಾತರ ಮ್ಯಾಲೆ ಬೇಯಿಸ್ಲಿ? ನಾನು ಉರುಕುಂದಿ ಈರಣ್ಣ ದೇವರ ಒಕ್ಕಲಾಕಿ. ಹೆಂಚು ಕೊಟ್ರ ಎದ್ದು ಹೋಗ್ತೀನಿ."

"ನಾನು ಜರಡಿಗೆ" ಅಂತ ಹಿಂದಿನಿಂದ ಒಬ್ಬಳು.

"ನಮ್ಮದು ಮಂಚ ಐತ್ರಿ" ಅಂತ ಒಬ್ಬ ಮುದುಕ. "ಐದು ತಿಂಗಳಾತು, ನೆಲದ ಮ್ಯಾಲೆ ಮಲಗೀನಿ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ. ದೊಡ್ಡ ಹಿರಿಯರು ಅಯ್ಯಗಾರ ಕಡೆ ತಿರುಗಿ, "ಏನಿದು? ಸಭೆಯೋ ಸಂತೆಯೋ?" ಅಂದರು. ಅಯ್ಯಗಾರು ಎದ್ದು ಕೈಕಟ್ಟಿ ನಿಂತರು. ಹೋದ ವರ್ಷ ಇವರ ಹೊಸ್ತಿಲನ್ನು ನಮ್ಮವರು ಯಾರೂ ತುಳಿದಿರಲಿಲ್ಲ, ಈಗ ತುಳಿದಿದ್ದಾರೆ. ಇಷ್ಟೇ ಆಗಿರುವುದು ಅಂದರು. ಹಿರಿಯರು ಬರೆದುಕೊಂಡದ್ದು ಸೊನ್ನೆ. ಮುಂದಿನ ಸಾಲಿನಲ್ಲಿದ್ದೆ, ನನ್ನ ಕಣ್ಣಾರೆ ಕಂಡೆ. ಓದು ಬರದಿದ್ದರೂ ಸೊನ್ನೆ ಗೊತ್ತಾಗುತ್ತದೆ. ಅಯ್ಯಗಾರನ್ನು ಇಲ್ಲಿಂದ ಎತ್ತುತ್ತೇವೆ ಅಂತ ಅಲ್ಲೇ ಹೇಳಿದರು.

ಆಡಿನಾಕೆ ಸೊಂಟಕ್ಕೆ ಕೈ ಇಟ್ಟಳು. "ಹ್ಯಾಂಗ ಕಳಸ್ತೀರಿ? ಇವರ ಹತ್ರ ನನ್ನ ತಾಮ್ರದ ಕೊಡ ಐತಿ!"

ಊರಿನ ಹೆಂಗಸರೆಲ್ಲ ಗದ್ದಲ ಎಬ್ಬಿಸಿದರು. ಕೊಡಕ್ಕಾಗಿ ಅಲ್ಲ. ಹಿರಿಯರಿಗೆ ಅದು ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ನಗು ನಿಂತುಬಿಟ್ಟಿತು.

ಎರಡು ತಿಂಗಳಿಗೆ ಅಯ್ಯಗಾರು ಹೊರಟರು. ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಕೊಟ್ಟರು. ಕೌದಿ ಮಾತ್ರ ಮಡಚಿ ಟ್ರಂಕಿನೊಳಗೆ ಇಟ್ಟುಕೊಂಡು, "ಕ್ರಿಸ್‌ಮಸ್ಸಿಗೆ ತಂದು ಕೊಡ್ತೀನಿ ತಾಯಿ" ಅಂದರು. ಕ್ರಿಸ್‌ಮಸ್ಸಿಗೆ ಬಂದರು, ಕೌದಿ ತರಲಿಲ್ಲ. "ಮರ್ತೆ ತಾಯಿ, ಬರೂ ವರ್ಷ." ಬರುವ ವರ್ಷವೂ ಮರೆತರು. ಅದರ ಮುಂದಿನ ವರ್ಷವೂ. ಅಷ್ಟು ದೂರದಿಂದ ಎರಡು ಬಸ್ಸು ಬದಲಿಸಿ ಬಂದು ಮರೆತೆ ಅನ್ನುವವರನ್ನು ನಾನು ಬೇರೆ ಕಂಡಿಲ್ಲ. ಊಟ ಮಾಡಿ, ಆಡಿನಾಕೆಯ ಮನೆಯಲ್ಲಿ ಆ ತಾಮ್ರದ ಕೊಡದ ನೀರು ಕೇಳಿ ಕುಡಿದು, ಹೊರಡುತ್ತಿದ್ದರು. ನಾನು ಪ್ರತಿ ಸಲವೂ ಬೈದೆ. ಬೈಸಿಕೊಂಡೇ ಹೋದರು...

ಈ ಸಲ ಕೌದಿಯೊಂದೇ ಬಂತು. ಅವರ ಮಗಳು ಫೋನ್ ಮಾಡಿದ್ದಳು. ಮಳೆಗಾಲದಲ್ಲಿ ತೀರಿಕೊಂಡರಂತೆ. ಹರಿದ ಅಂಚಿಗೆ ಅವಳೇ ಹೊಲಿಗೆ ಹಾಕಿದ್ದಾಳೆ. ಹೊಲಿಗೆ ಚೆನ್ನಾಗಿಲ್ಲ. ಬಿಚ್ಚಿ ಹಾಕೋಣ ಅಂದುಕೊಂಡೆ, ಬಿಟ್ಟೆ.

ಆಡಿನಾಕೆ ಬಂದಳು. ಅಂದು ಚರ್ಚಿಗೆ ಬಂದು ಹೆಂಚು ಕೇಳಿ ಒಯ್ದವಳು ಹಬ್ಬದ ಮರುದಿನ ಅದರ ಮೇಲೆ ಎರಡು ಹೋಳಿಗೆ ಇಟ್ಟು ತಂದು, "ಇನ್ನೊಮ್ಮೆ ಕೇಳು" ಅಂದಿದ್ದಳು. ಕೇಳಿದ್ದೆ. ಅಂದಿನಿಂದ ಪ್ರತಿ ಯುಗಾದಿಗೂ ಹೀಗೇ ಒಯ್ಯುತ್ತಾಳೆ, ತರುತ್ತಾಳೆ. ಕೌದಿಯ ಮೇಲೆ ಕೈಯಾಡಿಸಿದಳು.

"ತಂದು ಕೊಟ್ರೇನು?"

"ಕಳಿಸ್ಯಾರ."

ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮಂಚದ ತುದಿಗೆ ಕೂತಳು. ಆಗ ಕ್ರಿಸ್‌ಮಸ್ಸಿಗೆ ಇನ್ನೂ ಹನ್ನೊಂದು ದಿನವಿತ್ತು. ನಮ್ಮ ಬಾಗಿಲಿಗೆ ಬಂದು ಮರೆತೆ ಅನ್ನುವವರು ಯಾರೂ ಇಲ್ಲ. ನಾನು ಇನ್ನೊಮ್ಮೆ ಸೀನಿದೆ.

"ನನ್ನ ಹೆಂಚು ಯಾವಾಗ ಕೊಡ್ತಿ?" ಅಂದಳು.

"ನಾಳೆ ಕೊಡ್ತೀನಿ, ಹೋಗು."

ಆಕೆ ಏಳಲಿಲ್ಲ.