ಮೂರನೆಯ ಕಟ್ಟು

ಆಯಿ ಬಿದ್ದದ್ದು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಆಯಿ ಅಂದರೆ ನನ್ನ ಅಪ್ಪನ ತಾಯಿ. ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚಿ, ಬೈದು, ಉಣಿಸಿ ಬೆಳೆಸಿದವಳು ಆಯಿಯೇ. ಅರವತ್ತರ ದಶಕದ ಮೊದಲ ವರ್ಷಗಳು. ದುಂಡಸಿಯ ನಮ್ಮ ಮನೆಯಲ್ಲಿ ಅಪ್ಪ, ಆಯಿ, ನಾನು ಮೂವರೇ. ನನಗೆ ಹಾನಗಲ್ಲಿನ ಕಡೆ ಗಂಡು ಗೊತ್ತಾಗಿತ್ತು, ಮದುವೆಗೆ ಎರಡು ತಿಂಗಳಿತ್ತು. ಆಯಿಗೆ ದಿನಾ ನನ್ನ ಚ್ಯಾಷ್ಟಿ ಮಾಡುವುದೇ ಕೆಲಸ. “ಗಂಡನ ಮನಿಗೆ ಹೋಗಾಕ ಎಷ್ಟ ಗಡಿಬಿಡಿನ ನಿನಗ, ಹಂಚಿನ ಮ್ಯಾಲ ರೊಟ್ಟಿ ಹೊತ್ತಿದ್ದೂ ಖಬರಿಲ್ಲ” ಅನ್ನುತ್ತಿದ್ದಳು.

ಶಿಗ್ಗಾವಿಯ ದವಾಖಾನೆಗೆ ಚಕ್ಕಡಿಯಲ್ಲಿ ಹುಲ್ಲು ಹಾಸಿ ಒಯ್ದೆವು. ಡಾಕ್ಟರು ಮುಟ್ಟಿ ನೋಡಿದರು. “ತೊಡಿ ಸಂದಿನ ಎಲುಬು ಮುರದೈತಿ. ಹುಬ್ಬಳ್ಳಿಗೆ ಒಯ್ದ್ರೂ ಈ ವಯಸ್ಸಿಗೆ ಕೂಡೂದು ಕಷ್ಟ ಐತ್ರಿ. ಆರೈಕಿ ಮಾಡಾವ್ರು ಇದ್ದಲ್ಲಿ ಇಡ್ರಿ. ದಿನಕ್ಕ ನಾಕ ಸಲ ಹೊಳ್ಳಿಸಿ ಮಲಗಸೂದು ಬಿಡಬ್ಯಾಡ್ರಿ” ಅಂದರು. ಅಪ್ಪನ ಕಿವಿಗೆ ‘ಕೂಡೂದು ಕಷ್ಟ’ ಅಂದದ್ದಷ್ಟೇ ಬಿತ್ತು. ಹೊಳ್ಳಿಸುವ, ಅಂದರೆ ಮಗ್ಗಲು ಬದಲಿಸುವ, ಮಾತು ನನ್ನ ಕಿವಿಗೆ ಬಿದ್ದಿತ್ತು.

ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ನೆರೆಯವರು ನಾಲ್ಕು ದಿನ ಬಂದು ಎತ್ತುತ್ತಾರೆ, ಐದನೆಯ ದಿನ ಅವರಿಗೂ ಹೊಲ ಇರುತ್ತದೆ. ಅಪ್ಪ ಹೊಲಕ್ಕೆ, ನಾನು ಗಂಡನ ಮನೆಗೆ ಹೋದ ಮೇಲೆ ಅವಳಿಗೆ ಒಂದು ತಂಬಿಗೆ ನೀರು ಕೊಡುವವರೂ ಇರಲಿಲ್ಲ. ಉಳಿದದ್ದು ಎರಡು ದಾರಿ. ಒಂದು, ಸವಣೂರಿನಲ್ಲಿದ್ದ ನನ್ನ ಅತ್ತಿ, ಆಯಿಯ ಒಬ್ಬಳೇ ಮಗಳು. ಇನ್ನೊಂದು, ಹಂಸಭಾವಿಯ ಆಚೆಯ ಒಂದು ಹಳ್ಳಿಯಲ್ಲಿ ಮುರಿದ ಎಲುಬು ಕಟ್ಟುವವರ ಮನೆ. ಅಲ್ಲಿ ಬಿದಿರಿನ ದಬ್ಬೆ ಇಟ್ಟು, ಉದ್ದಿನ ಹಿಟ್ಟು, ತತ್ತಿ, ಸೊಪ್ಪು ಹಚ್ಚಿ ಕಟ್ಟುತ್ತಿದ್ದರು. ಒಂಬತ್ತು ದಿನಕ್ಕೊಂದು ಕಟ್ಟು, ಒಟ್ಟು ಮೂರು. ಮೂರನೆಯದು ಬಿಚ್ಚಿದ ಮೇಲೆ ಬಿದಿರಿನ ಗಳ ಹಿಡಿಸಿ ನಡೆಸುತ್ತಾರೆ ಎಂದು ಊರೆಲ್ಲ ಹೇಳುತ್ತಿತ್ತು.

ಅತ್ತಿ ಸುದ್ದಿ ಕೇಳಿದ ಮರುದಿನವೇ ಬಂದಳು. “ಅಣ್ಣಾ, ಅವ್ವನ್ನ ನನ್ನ ಮನಿಗೆ ಕಳಸು. ನಡದ್ರ ನಡೀಲಿ, ಇಲ್ಲಾಂದ್ರ ಬಿಡಲಿ. ನಾ ಮಾಡ್ತೇನಿ.”

“ಮಗ ಗಟ್ಟಿಮುಟ್ಟಿ ಇದ್ದು ತಾಯಿ ಮಗಳ ಮನಿಯಾಗ ಬಿದ್ದಿರೂದಾ?” ಅಂದ ಅಪ್ಪ. “ಹೆಚ್ಚು ಕಡಿಮಿ ಆತು ಅಂದ್ರ ಜನ ನನ್ನ ಮಾರಿಗೆ ಉಗಳತಾರ.”

“ಉಗಳಿದ್ರ ಒರಸಿಕೋ.”

ಮಗಳ ಮನೆಗೆ ಕಳಿಸಿದರೆ ‘ಸಾಯಾಕ ಬಿಟ್ಟಾನ’ ಅನ್ನುತ್ತಾರೆ. ಎಲುಬು ಕಟ್ಟುವವರಲ್ಲಿ ಬಿಟ್ಟರೆ ‘ಔಷಧ ಮಾಡಸಾಕತ್ತಾನ’ ಅನ್ನುತ್ತಾರೆ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ನಮ್ಮ ಮನೆಗೇ ಹೇಳಿದ ಮಾತು. ಒಳಗೆ ಅಂಗಾತ ಮಲಗಿದ್ದ ಆಯಿಯನ್ನು ಯಾರೂ ಕೇಳಲಿಲ್ಲ. ಅವಳೇ ಕೂಗಿ ಹೇಳಿದಳು: “ಎಲ್ಲಿಗ್ಯಾರ ಒಯ್ಯಿರಿ. ಜೀವ ಹೋಗೂದ್ರಾಗ ತಿರುಗಿ ತರ್ರಿ. ನನ್ನ ಅಗಸಿ ಹೊರಗ ಮಲಗಸಬ್ಯಾಡ್ರಿ.”

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಊರ ಎಲ್ಲೆಯ ಹೊರಗೆ ಜೀವ ಬಿಟ್ಟವರ ಹೆಣವನ್ನು ಅಗಸಿಯೊಳಗೆ, ಅಂದರೆ ಊರ ಹೆಬ್ಬಾಗಿಲಿನೊಳಗೆ, ತರುತ್ತಿರಲಿಲ್ಲ. ಎಂಥ ದೊಡ್ಡ ಮನೆತನದವರಿದ್ದರೂ ಹೊರಗೇ ಇಳಿಸಿ, ಹೊರಗೇ ನೀರು ಹಾಕಿ, ಅಲ್ಲಿಂದಲೇ ಮಣ್ಣಿಗೆ ಒಯ್ಯಬೇಕು. ಐವತ್ತು ವರ್ಷ ತಾನು ಸಾರಿಸಿದ ಮನೆಯ ಪಡಸಾಲೆಯಲ್ಲಿ ಒಂದು ತಾಸಾದರೂ ಮಲಗಿ ಹೋಗಬೇಕು ಎನ್ನುವುದೊಂದೇ ಆಯಿಯ ಆಸೆ.

ಅಪ್ಪ ನನ್ನ ಕಡೆ ತಿರುಗಿದ. “ನೀ ಏನಂತೀ?”

ನಾನು ಹಂಸಭಾವಿ ಅಂದೆ. ಆಯಿ ನಡೆದಾಡಲಿ ಅನ್ನುವ ಆಸೆಯೇನೋ ಇತ್ತು, ಸುಳ್ಳಲ್ಲ. ಆದರೆ ಅದರ ಹಿಂದೆ ಇನ್ನೊಂದಿತ್ತು. ಸವಣೂರಿಗಾದರೆ ಅತ್ತಿಯ ಕೈಗೆ ಆಸರೆಯಾಗಿ ನನ್ನನ್ನೂ ಕಳಿಸುತ್ತಾರೆ, ಮದುವೆ ಮುಂದೆ ಹೋಗುತ್ತದೆ, ಮುಂದೆ ಹೋದ ಮದುವೆ ಮುರಿದೂ ಹೋಗಬಹುದು. ಕಟ್ಟುವವರ ಮನೆಯಲ್ಲಿ ಒಂಟಿಯಾಗಿ ಬಂದವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಎಂಥ ಸ್ವಾರ್ಥಿ ನಾನು! ಅತ್ತಿ ನನ್ನ ಮುಖವನ್ನೇ ನೋಡಿದಳು, ಸಂಜೆಯ ಬಸ್ಸಿಗೆ ಹೋದಳು.

ಆಯಿಯನ್ನು ಒಯ್ದಾಗ ಎಲುಬು ಕಟ್ಟುವವರ ಪಡಸಾಲೆಯಲ್ಲಿ ಹನ್ನೆರಡು ಹದಿಮೂರು ಜನ ಸಾಲಾಗಿ ಮಲಗಿದ್ದರು. ಕಟ್ಟುವ ಯಜಮಾನರು ಕೆಟ್ಟವರಲ್ಲ. ಮರದಿಂದ ಬಿದ್ದ ಒಬ್ಬ ಮನುಷ್ಯ ನಮ್ಮೆದುರಿಗೇ ಗಳ ಹಿಡಿದು ಅಂಗಳ ದಾಟಿದ್ದನ್ನು ನೋಡಿ ಅಪ್ಪನ ಕಣ್ಣು ತುಂಬಿದವು. ಆದರೆ ಆ ಮನುಷ್ಯನಿಗೆ ಮೂವತ್ತು ವರ್ಷ. ಆಯಿಗೆ ಎಪ್ಪತ್ತು ದಾಟಿತ್ತು. ಇದನ್ನು ನಾವಿಬ್ಬರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನೆಯ ಕಟ್ಟು ಆದ ಮೇಲೆ ನಾನೊಬ್ಬಳೇ ನೋಡಲು ಹೋದೆ. ಎರಡು ಬಸ್ಸು ಬದಲಿಸಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಹತ್ತಿರ ಹೋದಾಗಲೇ ವಾಸನೆ ಗೊತ್ತಾಯಿತು. ಕಟ್ಟು ಸಡಿಲಾದೀತೆಂದು ಅವಳನ್ನು ಯಾರೂ ಹೊಳ್ಳಿಸಿರಲಿಲ್ಲ. ಸೀರೆ ಸರಿಸಿ ನೋಡಿದರೆ ಬೆನ್ನಿನ ಕೆಳಗೆ ಅಂಗೈಯಗಲ ಹುಣ್ಣು.

ಆಯಿ ನನ್ನ ಮುಂಗೈ ಹಿಡಿದಳು. “ನಡಿಯೂದು ಬ್ಯಾಡ, ಏನೂ ಬ್ಯಾಡ. ಈ ಕಟ್ಟು ಬಿಚ್ಚಸು. ಇವತ್ತ ಕರಕೊಂಡು ಹೋಗು.”

ಯಜಮಾನರನ್ನು ಕೇಳಿದೆ. “ನಾಕ ದಿನಕ್ಕ ಮೂರನೇ ಕಟ್ಟು ಐತಿ. ನಡುವ ಬಿಚ್ಚಿದ್ರ ಹಿಂದಿನ ಎರಡೂ ದಂಡ ಆಕ್ಕಾವ. ಒಯ್ತೇನಿ ಅಂದ್ರ ಒಯ್ಯವಾ, ನಾ ಹಿಡಿಯಾಂಗಿಲ್ಲ” ಅಂದರು. ಹಿಡಿಯುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ಎದುರಿಗೇ ಚಕ್ಕಡಿಗಳಿದ್ದವು. ಹಂಸಭಾವಿಯವರೆಗೆ ಹೋದರೆ ಯಾವುದಾದರೂ ಗಾಡಿ ಸಿಗುತ್ತಿತ್ತು.

“ಇನ್ನೊಂದ ಕಟ್ಟು, ಆಯಿ” ಅಂದೆ. “ಅಷ್ಟು ತಡಕೋ. ಮದಿವಿಗೆ ನಡಕೊಂತ ಬರಾಕಿ.”

ಅವಳು ಕೈ ಬಿಟ್ಟಳು. ಮುಖ ಗೋಡೆಯ ಕಡೆ ಮಾಡಿದಳು. ನಾನು ಹುಣ್ಣು ತೊಳೆದು, ಅರಿಶಿನ ಹಚ್ಚಿ, ಆ ಹೆಂಗಸಿನ ಕೂಡ ಜಗಳ ಮಾಡಿ ಬಸ್ಸು ಹಿಡಿದೆ. ಮನೆಗೆ ಬಂದು ಹುಣ್ಣಿನ ಸುದ್ದಿ ಅಪ್ಪನಿಗೆ ಹೇಳಲಿಲ್ಲ.

ಮೂರನೆಯ ಕಟ್ಟಿನ ಹಿಂದಿನ ದಿನ ಅಲ್ಲಿಯ ಆಳೊಬ್ಬ ಬಂದು ನಮ್ಮ ಅಂಗಳದಲ್ಲಿ ಕೂತ. ಅವನು ಬಾಯಿ ಬಿಡುವ ಮೊದಲೇ ಅಪ್ಪ ತಲೆಗೆ ಕೈ ಹಚ್ಚಿದ.

ಆಯಿಯನ್ನು ಬಾಡಿಗೆ ಲಾರಿಯಲ್ಲಿ ತಂದರು. ಊರ ಹಿರಿಯರು ಅಗಸಿಯ ಮುಂದೆ ನಿಂತಿದ್ದರು. ಅಪ್ಪ ಅವರ ಕಾಲಿಗೆ ಬಿದ್ದು ಬೇಡಿಕೊಂಡ. “ಒಂದ ತಾಸ ಬಿಡ್ರಿ, ಪಡಸಾಲಿಯಾಗ ಮಲಗಸಿ ತಿರುಗಿ ತರ್ತೇನಿ.” ಅವರೂ ಅಳುತ್ತಲೇ ಇದ್ದರು, ಬಿಡಲಿಲ್ಲ. ಬೇವಿನ ಗಿಡದ ಕೆಳಗೆ ಇಳಿಸಿದರು. ಬಸ್ಸಿನವರೂ ಹಾದಿಹೋಕರೂ ನೋಡುತ್ತಿದ್ದಂತೆ ನಾಲ್ಕು ಸೀರೆ ಅಡ್ಡ ಹಿಡಿದು ನೀರು ಹಾಕಿದೆವು. ಬೆನ್ನು ತೊಳೆಯುವಾಗ ಅತ್ತಿಯ ಕೈ ನಿಂತಿತು. ಎದ್ದು ಅಪ್ಪನ ಹತ್ತಿರ ಹೋಗಿ, “ಅವ್ವನ ಬೆನ್ನ ನೋಡ ಬಾ ಅಣ್ಣಾ” ಅಂದಳು. ಅವನು ಹೋಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ. ಆಮೇಲೆ ಕೇಳಿದ: “ನೀ ಹೋದಾಗ ಏನಾರ ಅಂದ್ಲಾ? ಮನಿಗೆ ಬರ್ತೇನಿ ಅಂತ ಕೇಳಿದ್ಲಾ?”

“ಇಲ್ಲಪ್ಪಾ” ಅಂದೆ. “ಕಟ್ಟು ಮುಗೀಲಿ, ಆಮ್ಯಾಲ ಬರ್ತೇನಿ ಅಂದ್ಲು.”

ಅಪ್ಪ ಉಸಿರು ಬಿಟ್ಟ. ನನ್ನ ತಲೆಯ ಮೇಲೆ ಕೈಯಿಟ್ಟ. “ನೀನರ ಹೋಗಿ ನೋಡಿ ಬಂದಿ. ಪುಣ್ಯಾ ಬಂತು ನಿನಗ” ಅಂದ.