ಮೀಸೆ ಬಂದ ಮೇಲಿನ ಫೋಟೋಗಳು

ನಮ್ಮ ಅವ್ವ ಪ್ರತಿ ಭಾನುವಾರ ಟಿವಿಯಲ್ಲಿ ತನ್ನ ಸತ್ತ ಮಗನನ್ನು ನೋಡುತ್ತಿದ್ದಳು. ಟಿವಿಯ ಹಿಂದೆ ಪೆನ್‌ಡ್ರೈವ್ ಸಿಕ್ಕಿಸುವುದನ್ನು ಆಕೆಗೆ ನಾನೇ ಕಲಿಸಿದ್ದೆ. ಭಾಲ್ಕಿಯ ಮನೆಯ ಗೋಡೆಯ ಮೇಲೆ ತಮ್ಮನದೊಂದು ಫೋಟೋ ಹಾರ ಹಾಕಿಕೊಂಡು ಕೂತಿದೆ. ಅದು ಲೈಸೆನ್ಸಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಪೊಲೀಸರು ಹಿಡಿದು ತಂದವನ ಹಾಗೆ ಕಾಣುತ್ತಾನೆ. ಅವ್ವ ಅದರ ಧೂಳು ಒರೆಸುತ್ತಾಳೆ, ಮುಖ ನೋಡುವುದಿಲ್ಲ. ಆಕೆಗೆ ಮಗ ಅಂದರೆ ಟಿವಿಯಲ್ಲಿ ಬರುವವನು. ಹೊಲದಲ್ಲಿ ಹಸಿ ಕಡಲೆ ಕಿತ್ತು ತಿನ್ನುವವನು, ಬೈಕಿನ ಮೇಲೆ ಕೂತು ಕಣ್ಣು ಕಿರಿದು ಮಾಡಿ ನಗುವವನು. ಔರಾದ್ ರಸ್ತೆಯಲ್ಲಿ ಅವನನ್ನು ಕೊಂದದ್ದು ಅದೇ ಬೈಕು. ಅವ್ವನಿಗೆ ಆ ಫೋಟೋನೂ ಬೇಕಿತ್ತು.

ತಂಗಿಯನ್ನು ಅವ್ವನ ಸ್ವಂತ ತಮ್ಮನಿಗೇ ಕೊಟ್ಟಿದ್ದರು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದೇನೂ ಹೊಸದಲ್ಲ. ತವರಿನ ದಾರಿ ಮುಚ್ಚಬಾರದು ಅಂತ ಅವ್ವ ಹಟ ಹಿಡಿದು ಮಾಡಿಸಿದ ಮದುವೆ ಅದು. ಬೇಡವೆಂದು ತಂಗಿ ಎರಡು ದಿನ ಊಟ ಬಿಟ್ಟಿದ್ದಳು. ಮೂರನೆಯ ದಿನ ನಾನೇ ಬೈದು ಉಣಿಸಿದೆ. ಆರು ವರ್ಷ ಮಾವನ ಊರು ಎಕಂಬಾದಲ್ಲಿ ಬಾಳಿದಳು. ನನ್ನ ತಮ್ಮ ತೀರಿಕೊಂಡ ಮರುವರ್ಷ ಮಾವ ಇನ್ನೊಬ್ಬಳನ್ನು ಮನೆಗೆ ತಂದ. ತಂಗಿ ಒಂದು ಟ್ರಂಕು ಹಿಡಿದುಕೊಂಡು ಭಾಲ್ಕಿಗೆ ಬಂದುಬಿಟ್ಟಳು.

ಅವಳು ಬಂದ ವಾರದ ಭಾನುವಾರ ಅವ್ವ ಟಿವಿ ಹಚ್ಚಿದರೆ ಎರಡು ಫೋಟೋಕ್ಕೊಂದು ಸಲ ಮಾವ ಹಲ್ಲು ಕಿರಿಯುತ್ತಿದ್ದ.

"ಆ ಭಾಡ್ಯಾನ ಮಾರಿ ತೆಗಿ ಅದ್ರಾಗಿಂದ," ಅಂದಳು ಅವ್ವ. "ನನ್ನ ಮಗನ್ನ ನೆಟ್ಟಗ ನೋಡ್ಲಾಕ ಬಿಡವಲ್ಲ."

ಕೆಲಸವೂ ಕೂಡಿ ಬಂದಿತ್ತು. ನಾನು ಬೀದರಿನಲ್ಲಿ, ಕೊಳಾರದ ಒಂದು ಗೋದಾಮಿನ ಆಫೀಸಿನಲ್ಲಿದ್ದೇನೆ. ಮನೆಯ ಫೋಟೋಗಳೆಲ್ಲ ಇದ್ದದ್ದು ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ, ಅದನ್ನು ಈಗ ಅವರು ವಾಪಸ್ ಕೇಳಿದ್ದರು. ಬೇಕಾದವನ್ನು ಆರಿಸಿ ಹಾರ್ಡ್ ಡಿಸ್ಕಿಗೆ ಒಂದು ಪ್ರತಿ, ಅವ್ವನ ಪೆನ್‌ಡ್ರೈವಿಗೆ ಒಂದು ಪ್ರತಿ ಮಾಡಿ ಇಡೋಣವೆಂದು ಲ್ಯಾಪ್‌ಟಾಪ್ ಹಿಡಿದು ಭಾಲ್ಕಿಗೆ ಹೋದೆ. ಮುಖ ಗುರುತಿಸಿ ಒಬ್ಬೊಬ್ಬರ ಫೋಟೋಗಳನ್ನು ಬೇರೆ ಬೇರೆ ಗುಡ್ಡೆ ಹಾಕುವ ಸಾಫ್ಟ್‌ವೇರ್ ಅದರಲ್ಲಿತ್ತು. ಸಂಶಯ ಬಂದರೆ ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟು, ಇವರಿಬ್ಬರೂ ಒಬ್ಬರೇನಾ ಎಂದು ಕೇಳುತ್ತದೆ. ತಂಗಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳ ಅಗತ್ಯವೇನೂ ಇರಲಿಲ್ಲ. ಕೂತು ನೋಡಲಿ ಅಂತಲೇ ಕೂರಿಸಿದೆ.

ಸುಳ್ಳೇಕೆ ಹೇಳಲಿ, ಆ ಕೆಲಸದಲ್ಲಿ ನನಗೆ ಖುಷಿಯಿತ್ತು. ಮಾವನ ಮುಖ ಬಂದಾಗೆಲ್ಲ ಹೌದು, ಹೌದು ಅಂತ ಒತ್ತುತ್ತ ಹೋದೆ. ತಂಗಿಯ ಮದುವೆ ಆ ಗುಡ್ಡೆಗೆ ಹೋಯಿತು. ಅವಳು ನಕ್ಕಿದ್ದ ಬೆರಳೆಣಿಕೆಯ ಫೋಟೋಗಳೂ ಹೋದವು. ಅವಳ ಕಣ್ಣು ತುಂಬಿದಷ್ಟೂ ನನ್ನ ಕೈ ಚುರುಕಾಯಿತು. ನನ್ನ ತಮ್ಮ ಥೇಟ್ ಸೋದರಮಾವನನ್ನೇ ಹೋಲುತ್ತಾನೆ, ಮೀಸೆ ಬಂದ ಮೇಲಂತೂ ಮಾವನ ಪಡಿಯಚ್ಚು ಅಂತ ಊರಿಗೆಲ್ಲ ಗೊತ್ತಿದ್ದ ಮಾತು. ಆ ಹೊತ್ತಿನಲ್ಲಿ ಅದು ನನಗೆ ಮಾತ್ರ ನೆನಪಿರಲಿಲ್ಲ.

ಒಮ್ಮೆ ತಂಗಿ ಪರದೆಗೆ ಬೆರಳು ಹಚ್ಚಿದಳು. "ಅಕ್ಕಾ, ಜರಾ ನಿಲ್ಲು. ಇಂವ ನಮ್ಮ ತಮ್ಮ ಇದ್ದಂಗ ಕಾಣ್ತಾನ."

"ಇನ್ನಾ ಅವನ ಮಾರಿ ಬೇಕೇನ ನಿನಗ? ನಾಚಿಕಿ ಅನ್ನೋದು ಇಲ್ಲ?" ಅಂದೆ.

ಅವಳು ಬೆರಳು ತೆಗೆದಳು. ನಾನು ಹೌದು ಒತ್ತಿದೆ. ಆ ಗುಡ್ಡೆಯನ್ನು ತೆರೆದು ಸಹ ನೋಡದೆ ಇಡಿಯಾಗಿ ಅಳಿಸಿದೆ. ಉಳಿದದ್ದನ್ನು ಎರಡೂ ಕಡೆ ಪ್ರತಿ ಮಾಡಿದೆ. ಹಳೆಯ ಪೆನ್‌ಡ್ರೈವನ್ನು ಮೊದಲೇ ಖಾಲಿ ಮಾಡಿದ್ದೆ. ಮನೆಯವರ ಮೊಬೈಲುಗಳಿಂದಲೂ ಹಳೆಯ ಫೋಟೋಗಳನ್ನೆಲ್ಲ ತೆಗೆದೆ. ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿ ಆಫೀಸಿಗೆ ಒಪ್ಪಿಸಿ ಕೈ ತೊಳೆದುಕೊಂಡೆ.

ಮುಂದಿನ ಭಾನುವಾರ ನಾನೂ ಭಾಲ್ಕಿಯಲ್ಲಿದ್ದೆ. ಅವ್ವ ಚಹಾ ಹಿಡಿದು ಟಿವಿ ಮುಂದೆ ಕೂತಳು. ತಮ್ಮ ತೊಟ್ಟಿಲಲ್ಲಿದ್ದ, ಅಂಬೆಗಾಲಿಟ್ಟ, ಶಾಲೆಯ ಸಮವಸ್ತ್ರದಲ್ಲಿ ಗದ್ದ ಎತ್ತಿ ನಿಂತ. ಹದಿನೈದರ ತನಕ ಬಂದ. ಆಮೇಲೆ ನನ್ನ ಬೀದರಿನ ಮನೆಯ ಗೃಹಪ್ರವೇಶ ಬಂತು, ನನ್ನ ಮಕ್ಕಳು ಬಂದರು, ಅವನು ಬರಲಿಲ್ಲ. ಅವ್ವ ರಿಮೋಟನ್ನು ಹಿಂದಕ್ಕೆ ಒತ್ತಿದಳು, ಮತ್ತೆ ಮುಂದಕ್ಕೆ ಒತ್ತಿದಳು.

"ಇಲ್ಲಿ ತನಾ ಬಂದಾನಲ್ಲ, ಮುಂದ ಎಲ್ಲಿ ಹೋದ?" ಅಂತ ಕೇಳಿದಳು.

ಮೀಸೆ ಬಂದ ಮೇಲಿನವೆಲ್ಲ ಮಾವನ ಗುಡ್ಡೆಯಲ್ಲಿ ಹೋಗಿದ್ದವು. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅವಳಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

"ಆರಿಸಬೇಕಾದ್ರ ಇಕೀನೂ ನನ್ನ ಬಾಜೂಕ ಕೂತಿದ್ಳು," ಅಂದೆ.

ಅಂದದ್ದು ಅಷ್ಟೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಉಳಿದದ್ದನ್ನು ಅವ್ವನೇ ಕೂಡಿಸಿಕೊಂಡಳು.

"ಗಂಡನ ಮ್ಯಾಲಿನ ಸಿಟ್ಟು ನನ್ನ ಮಗನ ಮ್ಯಾಲ ತೀರಿಸ್ಕೊಂಡಿ ಏನ?" ಅಂತ ತಂಗಿಗೆ ಕೇಳಿದಳು. ಆ ದಿನ ಮನೆಯಲ್ಲಿ ತಂಗಿ ಮಾಡಿದ ರೊಟ್ಟಿಯನ್ನು ಅವ್ವ ಮುಟ್ಟಲಿಲ್ಲ. ನಾನು ಉಂಡೆ.

ಅಳಿಸಿದ್ದು ಇನ್ನು ಮರಳಿ ಬರುವುದಿಲ್ಲ ಎಂದು ಬೀದರಿನ ಕಂಪ್ಯೂಟರ್ ಅಂಗಡಿಯವನು ಹೇಳಿದ ಮೇಲೆ ಉಳಿದಿದ್ದ ದಾರಿ ಒಂದೇ. ಎಕಂಬಾಕ್ಕೆ ಹೋದೆ. ಮಾವ ಕಟ್ಟೆಯ ಮೇಲೆ ಕೂತಿದ್ದ. ಬಂದ ಕಾರಣ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ನನ್ನ ಅಳಸ್ಲಾಕ ಹೋಗಿ ಅವನ್ನ ಅಳಸಿದ್ರೇನ?"

ನಗು ನಿಂತಾಗ ಅವನ ಕಣ್ಣುಗಳು ಒದ್ದೆಯಾಗಿದ್ದವು. ನಕ್ಕದ್ದಕ್ಕೋ ಅಳಿಯ ನೆನಪಾದದ್ದಕ್ಕೋ, ನಾನು ವಿಚಾರಿಸಲಿಲ್ಲ. ಮೊಬೈಲು ತೆಗೆದು ಬಹಳ ಹೊತ್ತು ಹುಡುಕಿದ. "ನಿಮ್ಮ ಮನಿ ಮಂದಿ ಫೋಟೋ ಇಕಿ ಒಂದೂ ಇಟ್ಟಿಲ್ಲ," ಅಂತ ಮನೆಯೊಳಗೆ ಕೈ ತೋರಿಸಿದ. ಅಲ್ಲಿಯೂ ಒಬ್ಬಳು ನನ್ನಂಥವಳೇ ಇದ್ದಳು. ಹೇಗೋ ಒಂದು ಫೋಟೋ ಉಳಿದುಕೊಂಡಿತ್ತು: ಹೊಲದ ಬದುವಿನ ಮೇಲೆ ಬೈಕಿಗೆ ಒರಗಿ ನಿಂತ ತಮ್ಮ, ಅವನ ಹೆಗಲ ಮೇಲೆ ಕೈ ಹಾಕಿಕೊಂಡ ಮಾವ.

"ಕೊಡ್ತೇನಿ. ಆದ್ರ ನನ್ನ ಕತ್ತರಸಬ್ಯಾಡ," ಅಂದ.

"ಇಲ್ರಿ ಮಾವಾ," ಅಂದೆ.

ಔರಾದಿನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತ ಮೊಬೈಲಿನಲ್ಲೇ ಕತ್ತರಿಸಿದೆ. ಮಾವನ ಮುಖ ಹೋಯಿತು, ಮೈ ಹೋಯಿತು. ಕೈ ಹೋಗಲಿಲ್ಲ. ಅದನ್ನು ತೆಗೆಯಬೇಕೆಂದರೆ ತಮ್ಮನ ಹೆಗಲೂ ಹೋಗಬೇಕು. ಆ ಮಣಿಕಟ್ಟಿನ ಮೇಲೆ ಮದುವೆಯಲ್ಲಿ ನಮ್ಮ ಮನೆಯವರು ಕೊಟ್ಟ ವಾಚಿತ್ತು, ತಂಗಿಯೇ ಆರಿಸಿದ್ದು.

ಪೆನ್‌ಡ್ರೈವಿನಲ್ಲಿ ತಮ್ಮನ ಹೆಸರಿನ ಹೊಸ ಫೋಲ್ಡರ್ ಮಾಡಿ ಆ ಒಂದು ಫೋಟೋ ಹಾಕಿದೆ. ಎಲ್ಲಿಂದ ತಂದೆನೆಂದು ಯಾರಿಗೂ ಹೇಳಲಿಲ್ಲ. ಭಾನುವಾರ ಅವ್ವ ಟಿವಿಯ ಹತ್ತಿರ ಹೋಗಿ ನಿಂತಳು. ಸೆರಗಿನಿಂದ ಮಗನ ಮುಖ ಒರೆಸಿದಳು, ಗದ್ದ ಒರೆಸಿದಳು. ಹೆಗಲಿಗೆ ಬಂದಾಗ ಆಕೆಯ ಕೈ ನಿಂತಿತು.

ಆ ಕೈ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವ್ವ ತಂಗಿಯ ಕಡೆ ತಿರುಗಿದಳು.

"ಎಲ್ಲಾ ಅಳಸಿದಿ. ಇದೊಂದು ನಿನಗ ಬೇಕಾಗಿತ್ತು, ಹೌದಲ್ಲ?"

ತಂಗಿ ನನ್ನ ಕಡೆ ನೋಡಿದಳು. ನಾನು ಬಾಯಿ ಬಿಡುತ್ತೇನೆಂದು ಅವಳು ಕಾಯುತ್ತಿದ್ದಳು. ನಾನು ರಿಮೋಟ್ ತೆಗೆದುಕೊಂಡು ಮುಂದಿನ ಫೋಟೋಕ್ಕೆ ಒತ್ತಿದೆ. ಆ ಫೋಲ್ಡರಿನಲ್ಲಿ ಮುಂದಿನದು ಇರಲಿಲ್ಲ. ಅದೇ ಮತ್ತೆ ಬಂತು.