ಅಕ್ಕನ ಸ್ವಸಂತೋಷ

ಕಳೆದ ವಾರ ನಮ್ಮ ಅಕ್ಕನ ಸಂತೋಷವನ್ನು ರಿಜಿಸ್ಟರ್ ಮಾಡಿಸಲು ಸುರಪುರಕ್ಕೆ ಹೋಗಿದ್ದೆ. ಆಗಲಿಲ್ಲ.

ಅಪ್ಪ ತೀರಿಕೊಂಡು ವರ್ಷವಾಯಿತು. ಕಕ್ಕೇರಾದ ನಾಲ್ಕು ಎಕರೆ ಹೊಲ ಪಹಣಿಯಲ್ಲಿ ಇನ್ನೂ ಅಪ್ಪನ ಹೆಸರಿಗೇ ಇತ್ತು. ಮಕ್ಕಳು ನಾವಿಬ್ಬರೇ: ನಾನು, ಬೋನಾಳಕ್ಕೆ ಕೊಟ್ಟ ಅಕ್ಕ ದೇವಮ್ಮ. (ಅವ್ವ ಅಪ್ಪನಿಗಿಂತ ಮೊದಲೇ ಹೋದಳು.) ಇಂಥ ಹೊತ್ತಿಗೆ ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣುಮಗಳನ್ನು ಕರೆಸಿ, ಉಡಿ ತುಂಬಿ, ಸೀರೆ ಕೊಟ್ಟು, ‘ಹಕ್ಕು ಬಿಟ್ಟುಕೊಟ್ಟೆ’ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು. ಇದರಲ್ಲಿ ತಪ್ಪೇನಿದೆ ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಸೀರೆಯೂ ಇಳಕಲ್ಲಿನದೇ.

ಅಕ್ಕನನ್ನು ಕರೆದುಕೊಂಡು ಸುರಪುರಕ್ಕೆ ಹೋದಾಗ ಬಾಂಡ್ ರೈಟರ್ ಕಾಗದ ರೆಡಿ ಮಾಡಿಟ್ಟಿದ್ದ. ಅಕ್ಕ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಅವನು ಮುಂದೆ ಸರಿಸಿದ ಇಂಕ್ ಪ್ಯಾಡನ್ನು ಪಕ್ಕಕ್ಕಿಟ್ಟು, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಬೆರಳು ಒಂದು ಕಡೆ ನಿಂತಿತು.

‘ಸ್ವಸಂತೋಷದಿಂದ ಅಂತ ಐತಲ್ರಿ. ಯಾರ ಸಂತೋಷ?’

‘ನಿಮ್ದೇರಿ ಅಕ್ಕಾರ. ನೀವು ಖುಷಿಲಿಂದ ಬಿಟ್ಟುಕೊಡಾಕತ್ತೀರಿ ಅಂತ.’

‘ಹೊಲ ಬಿಡ್ತೀನ್ರಿ. ಸಂತೋಷ ತೆಗೀರಿ.’

ಬಾಂಡ್ ರೈಟರ್ ನನ್ನ ಮುಖ ನೋಡಿದ. ನಾನು ಫ್ಯಾನ್ ನೋಡಿದೆ.

‘ತೆಗ್ಯಾಕ ಬರಂಗಿಲ್ರಿ. ಫಾರ್ಮ್ಯಾಟ್ ಐತಿ.’

‘ಹಂಗಾದ್ರ ತಮ್ಮ ಸೀರಿ ತಂದಾನ, ಅದಕ್ಕ ಸಹಿ ಮಾಡಾಕತ್ತೀನಿ ಅಂತ ಬರೀರಿ. ಅದು ಖರೆ ಐತಿ.’

ನನಗೆ ಸಿಟ್ಟು ಬಂತು. ನಾಲ್ಕು ಮಂದಿಯ ಮುಂದೆ ಮಾನ ಕಳೆಯುತ್ತಾಳಲ್ಲ. ‘ಒಂದು ಶಬ್ದಕ್ಕ ಇಷ್ಟ್ಯಾಕಬೇ ಹಟ?’ ಎಂದೆ.

‘ಆ ಹೊಲದಾಗ ಹರಳುಕಲ್ಲು ಆರಿಸಿ ಆರಿಸಿ ನನ್ನ ಉಗುರು ಹೋದ್ವು. ನೀ ಆವಾಗ ಶಹಾಪುರ ಹಾಸ್ಟೆಲ್‌ದಾಗ ಇದ್ದಿ. ಮುಂದ ಕೆನಾಲ್ ಬಂತು, ನಿಮಗ ನೆಲ್ಲು ಬಂತು. ನನಗ ಉಡ್ಯಾಗ ಒಂದು ಬೊಗಸಿ ಅಕ್ಕಿ ಬಂತು. ಅದಕ್ಕೂ ನಾ ಏನೂ ಅಂದಿಲ್ಲ. ಆದ್ರ ಸಂತೋಷ ಆಗೇತಿ ಅಂತ ಸುಳ್ಳು ಸಹಿ ಮಾಡಂಗಿಲ್ಲ.’

ಅಕ್ಕ ದನಿ ಏರಿಸಲಿಲ್ಲ. ಪಕ್ಕದ ಹೋಟೆಲಿನಿಂದ ಚಹಾ ಬಂತು. ಕುಡಿದೆವು. ನಾಚಿಕೆ ಆಮೇಲೆ ಬಂತು. (ಸಿಟ್ಟಿನಷ್ಟು ಲಗೂನ ಅದು ಯಾವತ್ತೂ ಬರುವುದಿಲ್ಲ.)

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥದೊಂದು ಕಾಗದ ಇದ್ದೀತು. ತೆಗೆದು ನೋಡಿ. ಎಷ್ಟು ಮಂದಿ ಅಕ್ಕ, ತಂಗಿ, ಸೋದರತ್ತೆಯರು ಅದರಲ್ಲಿ ಸಂತೋಷಪಟ್ಟಿದ್ದಾರೆ? ನಮ್ಮ ಹೆಣ್ಣುಮಕ್ಕಳು ಬಾಂಡ್ ಪೇಪರಿನ ಮೇಲೆ ಪಟ್ಟಷ್ಟು ಸಂತೋಷವನ್ನು ಬೇರೆಲ್ಲೂ ಪಟ್ಟಂತಿಲ್ಲ.

ಆ ಬಾಂಡ್ ಹರಿದು ಹಾಕಿದೆ. ಇಬ್ಬರ ಹೆಸರಿಗೂ ಜಂಟಿ ಖಾತೆ ಮಾಡಿಸೋಣ ಎಂದೆ. ಅಕ್ಕ ‘ಆತು’ ಎಂದಳು, ಅಷ್ಟೇ. (ಸೀರೆ ವಾಪಸ್ ಕೊಡಲಿಲ್ಲ. ನಾನು ಕೇಳಲೂ ಇಲ್ಲ.)

ಅದಕ್ಕೂ ಒಂದು ಒಪ್ಪಿಗೆ ಪತ್ರ ಬೇಕಂತೆ. ಅದೇ ಬಾಂಡ್ ರೈಟರ್ ಬರೆದುಕೊಟ್ಟ. ಈ ಸಲ ಸಹಿ ನನ್ನದು. ನಾನೂ ಬೆರಳಿಟ್ಟು ಓದಿದೆ: ‘ಸದರಿ ಖಾತೆಗೆ ನನ್ನ ಅಕ್ಕನ ಹೆಸರನ್ನು ಸೇರಿಸಲು ನಾನು ನನ್ನ ಸ್ವಸಂತೋಷದಿಂದ...’

ಪೆನ್ನು ಅಲ್ಲೇ ನಿಂತಿತು. ನೀರಾವರಿ ಹೊಲ, ಎರಡು ಎಕರೆ. ನೀವಾದರೆ ಏನು ಮಾಡುತ್ತಿದ್ದಿರಿ?

ಅಕ್ಕ ನಿಂತ ಪೆನ್ನು ನೋಡಿದಳು. ಆಮೇಲೆ ಹೇಳಿದಳು: ‘ಹಾಕಪ್ಪಾ ಸಹಿ. ಫಾರ್ಮ್ಯಾಟ್ ಐತಿ.’